ಹಗೇವು ಮುಚ್ಚಿದ ಮೇಲೆ

(ಮುನಿರಾಬಾದಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಒಕ್ಕಲುತನಕ್ಕೂ ಮನೆತನಕ್ಕೂ ಬೇಕಾದ ಮಾತು ಇಲ್ಲಿ ಆಗಬೇಕು ಎಂಬುದು ಈ ದತ್ತಿ ಇಟ್ಟ ಹಿರಿಯರ ಆಶಯ. ಅದಕ್ಕೆ ತಕ್ಕಂತೆ, ಆಪತ್ತಿನ ಕಾಲಕ್ಕೆಂದು ಮನೆಯಲ್ಲಿ ಕೂಡಿಡುವ ಕಾಳುಕಡಿಯ ವಿಷಯವನ್ನು ಇಂದು ಆರಿಸಿಕೊಂಡಿದ್ದೇನೆ. ಈ ಮಾತನ್ನು ಬೇರೆ ಯಾವ ಊರಿನಲ್ಲಿ ಆಡುವುದಕ್ಕಿಂತ ಮುನಿರಾಬಾದಿನಲ್ಲಿ ಆಡುವುದು ಹೆಚ್ಚು ಸರಿ. ಯಾಕೆಂದರೆ ನಾಲ್ಕು ಜಿಲ್ಲೆಗಳ ಅನ್ನದ ಕೀಲಿಯಾದ ತುಂಗಭದ್ರಾ ಅಣೆಕಟ್ಟೆ ಈ ಊರಿನ ಪಕ್ಕದಲ್ಲಿದೆ.

2024ರ ಆಗಸ್ಟ್ 10ರ ಶನಿವಾರ ರಾತ್ರಿ ಆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜಲಾಶಯ ಭರ್ತಿಯಾಗಿತ್ತು. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ರೈತರು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಮೊದಲ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ತಾತ್ಕಾಲಿಕ ಫಲಕ, ಇಳಿಸುವ ಕೆಲಸ ಆಗಸ್ಟ್ 16ರಂದು ಕೈಗೂಡಿತು. ಜೀವದ ಹಂಗು ತೊರೆದು ದುಡಿದ ಆ ಕೆಲಸಗಾರರಿಗೆ ಈ ಸೀಮೆ ಋಣಿಯಾಗಿದೆ. ಆಮೇಲೆ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು.

ಆ ವಾರ ಎಲ್ಲಿ ಹೋದರೂ ಒಂದೇ ಮಾತು: ಬೆಳೆಗೆ ನೀರು ಸಿಗುತ್ತದೋ ಇಲ್ಲವೋ. ಅದು ಕೇಳಬೇಕಾದ ಮಾತೇ. ಆದರೆ ನಮ್ಮ ಮನೆಯ ಕಾಳು ಎಷ್ಟು ದಿನಕ್ಕೆ ಆಗುತ್ತದೆ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಹೊಳೆಗೆ ಏನೇ ಆದರೂ ಮೊದಲು ಏಳುತ್ತಿದ್ದ ಪ್ರಶ್ನೆ ಅದೇ ಆಗಿತ್ತು.

ನಾನು ಯಲಬುರ್ಗಾ ಸೀಮೆಯ ಎರೆನೆಲದ ಒಕ್ಕಲು ಮನೆಯವನು. ಆ ಕಾಳನ್ನು ನೆಲದಡಿ ಕೂಡಿಡುವ ಹಗೇವು ತೆಗೆಯುವುದನ್ನು ಕಣ್ಣಾರೆ ಕಂಡವನು. ಇಲ್ಲಿರುವ ಹುಡುಗರು ಕಂಡಿರಲಾರರು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನ ಎತ್ತರದ ಜಾಗದಲ್ಲಿ, ನೀರು ನಿಲ್ಲದ ಗಟ್ಟಿ ಮಣ್ಣಿನಲ್ಲಿ, ಮನೆಯ ಮುಂದೆಯೋ ಓಣಿಯ ನಡುವೆಯೋ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆಯ ಹಸಿ ಆರಿಸುತ್ತಿದ್ದರು. ತಳಕ್ಕೂ ಸುತ್ತಲಿಗೂ ಒಣ ಕಣಿಕೆ, ಹುಲ್ಲು ಹೊಂದಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಡುತ್ತಿದ್ದರು. ಅದರ ಮೇಲೆ ಬಂಡಿ ಹೋಗುತ್ತಿತ್ತು, ಮಕ್ಕಳು ಆಡುತ್ತಿದ್ದರು. ಕೆಳಗೆ ಹತ್ತಾರು ಚೀಲ ಜೋಳ ವರ್ಷಗಟ್ಟಲೆ ಮಲಗಿರುತ್ತಿತ್ತು.

ಕೀಟನಾಶಕದ ಹೆಸರೇ ಇಲ್ಲದ ಕಾಲದಲ್ಲಿ ಅದು ಕೆಡದೆ ಉಳಿದದ್ದಕ್ಕೆ ಕಾರಣ ಇದೆ. ಕಾಳಿಗೂ ಉಸಿರಿದೆ, ಕಾಳಿನೊಳಗಿನ ಹುಳಕ್ಕೂ ಉಸಿರಿದೆ. ಬಾಯಿ ಮುಚ್ಚಿದ ಹಗೇವಿನಲ್ಲಿ ಇವೆರಡೂ ಸೇರಿ ಆಮ್ಲಜನಕವನ್ನು ತೀರಿಸಿಬಿಡುತ್ತವೆ, ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇವತ್ತು ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲಗಳನ್ನು ಹೊಸ ತಂತ್ರವೆಂದು ಮಾರುತ್ತಾರೆ. ಅವು ಕೆಲಸ ಮಾಡುವುದೂ ಇದೇ ರೀತಿಯಲ್ಲಿ. ಹಗೇವು ತೆಗೆದ ದಿನ ಯಾರೂ ತಟ್ಟನೆ ಇಳಿಯುತ್ತಿರಲಿಲ್ಲ. ಚಪ್ಪಡಿ ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಆತುರಪಟ್ಟು ಇಳಿದು ಉಸಿರುಗಟ್ಟಿ ಸತ್ತವರ ಕಥೆಗಳು ಈ ಭಾಗದ ಊರುಗಳಲ್ಲಿವೆ. ಮೇಲೆ ಬಂದ ಜೋಳಕ್ಕೆ ಒಂದು ಬಗೆಯ ಮುಗ್ಗು ವಾಸನೆ ಇರುತ್ತಿತ್ತು. ಬಿಸಿಲಿಗೆ ಹರವಿದರೆ ಅರ್ಧ ಹೋಗುತ್ತಿತ್ತು, ಉಳಿದರ್ಧ ರೊಟ್ಟಿಯ ಜೊತೆಗೆ ಹೊಟ್ಟೆಗೆ ಹೋಗುತ್ತಿತ್ತು. ಅದರಿಂದ ಬಿತ್ತುವಂತಿರಲಿಲ್ಲ, ಮೊಳಕೆಯ ಶಕ್ತಿ ಕುಂದಿರುತ್ತಿತ್ತು. ಹಾಗಾಗಿ ಬೀಜದ ಜೋಳ ಬೇರೆ. ಅದು ಗಡಿಗೆಯಲ್ಲಿ, ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಮನೆಯ ಹಿರಿಯ ಹೆಂಗಸಿನ ಕಣ್ಗಾವಲಿನಲ್ಲಿ ಇರುತ್ತಿತ್ತು. ಎಷ್ಟೇ ಹಸಿವಾದರೂ ಆ ಗಡಿಗೆಗೆ ಕೈಹಾಕುವಂತಿರಲಿಲ್ಲ.

ಹಗೇವು ಯಾಕೆ ಹೋಯಿತು? ಕಾರಣಗಳು ಹಲವಿವೆ, ಒಂದನ್ನಂತೂ ಈ ಊರಿನಲ್ಲಿ ಹೇಳಲೇಬೇಕು. 1945ರ ಫೆಬ್ರವರಿ 28ರಂದು ಹೊಳೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಆ ದಂಡೆ ಮದ್ರಾಸ್ ಸರ್ಕಾರದ್ದು, ಈ ದಂಡೆ ಹೈದರಾಬಾದ್ ನಿಜಾಮರದ್ದು. 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಹಾದು ರಾಯಚೂರು ಸೀಮೆಯವರೆಗೆ ಹೋಯಿತು. ಯೋಜನೆ ರೂಪಿಸಿದವರು ಹೆಚ್ಚಿನ ನೆಲವನ್ನು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೇ ಗೊತ್ತುಮಾಡಿದ್ದರು. ಬರಗಾಲದಿಂದ ಆದಷ್ಟು ಹೆಚ್ಚು ಊರುಗಳನ್ನು ಕಾಯಬೇಕೆಂಬುದು ಅವರ ಲೆಕ್ಕ. ಭತ್ತ ಆಮೇಲೆ ಹಬ್ಬಿತು. ಕಾಲುವೆಯ ಕೆಳಗಿನ ನೆಲ ಜವುಳಾಯಿತು, ಅಂತರ್ಜಲ ಮೇಲೇರಿತು. ಹಸಿ ಏರುವ ನೆಲದಲ್ಲಿ ಹಗೇವು ಬಾಳುವುದಿಲ್ಲ. ನೆಲ ಒಣಗಿದ್ದ ಕಡೆಗಳಲ್ಲೂ ಮನಸ್ಸು ಬದಲಾಯಿತು: ವರ್ಷಕ್ಕೆ ಎರಡು ಬೆಳೆ ಬರುವಾಗ, ಸಂತೆಯಲ್ಲಿ ದುಡ್ಡಿಗೆ ಎಲ್ಲ ಸಿಗುವಾಗ, ನೆಲದಡಿ ಯಾಕೆ ಹೂಳಬೇಕು? ಗಂಗಾವತಿ ರಾಜ್ಯಕ್ಕೆಲ್ಲ ಸೋನಾಮಸೂರಿ ಕಳಿಸುವ ಭತ್ತದ ಕಣಜವಾಯಿತು. ಅದೇ ಗಂಗಾವತಿಯ ಒಕ್ಕಲುಮನೆ ರೊಟ್ಟಿಗೆ ಜೋಳವನ್ನು ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುವಂತಾಯಿತು.

ಅಣೆಕಟ್ಟೆಯಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ಕಾಲುವೆ ಬಂದ ಊರಿನಲ್ಲಿ ಗುಳೆ ಹೋಗುವ ಬಂಡಿಗಳ ಸಾಲು ಕರಗಿತು. ಆ ಕಾಲುವೆ ತಲುಪದ ಕುಷ್ಟಗಿ, ಯಲಬುರ್ಗಾದಲ್ಲಿ ಅದು ಇನ್ನೂ ಕರಗಿಲ್ಲ. ಆದರೆ ಮನೆಮನೆಯಲ್ಲಿ ಹಂಚಿಹೋಗಿದ್ದ ಸಾವಿರಾರು ಸಣ್ಣ ದಾಸ್ತಾನುಗಳ ಬದಲಿಗೆ ಒಂದೇ ಒಂದು ದೊಡ್ಡ ದಾಸ್ತಾನನ್ನು ನಂಬಿದೆವು. ಆ ದಾಸ್ತಾನು ಕೂಡ ಕುಗ್ಗುತ್ತಿದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗಿನ ಲೆಕ್ಕ 105.788 ಟಿಎಂಸಿ. ಒಂದು ಚೈನು ಕಡಿದರೆ ಇಷ್ಟು ದೊಡ್ಡ ಸೀಮೆ ನಿದ್ದೆಗೆಡುತ್ತದೆ. ನನ್ನ ಒಟ್ಟು ಮಾತು ಇಷ್ಟೇ: ದೊಡ್ಡ ದಾಸ್ತಾನು ಇರಲಿ, ಅದರ ಜೊತೆಗೆ ಮನೆಯ ಸಣ್ಣ ದಾಸ್ತಾನನ್ನೂ ಮತ್ತೆ ಕಟ್ಟಬೇಕು.

ಬರದ ನೆನಪು ನಮ್ಮಲ್ಲಿ ಮಾಸುತ್ತಿದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು, ಹೊಳೆಯ ಆಚೆಯ ಬಳ್ಳಾರಿ ಜಿಲ್ಲೆಯನ್ನು ಬರಿದು ಮಾಡಿತು. 1877ರಲ್ಲಿ ಮದ್ರಾಸ್ ಸೀಮೆಯ ಪರಿಹಾರ ಕಾಮಗಾರಿಗಳಲ್ಲಿ, ಬರದ ಮೇಲ್ವಿಚಾರಣೆಗೆ ಭಾರತ ಸರ್ಕಾರ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಮೇಲೊಂದಿಷ್ಟು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ಕಲ್ಲು ಹೊರುವ ಆಳಿಗೆ ಬರಿಯ ಕಾಳು ಅಷ್ಟೇ! ಪ್ರಾಂತ್ಯದ ಸ್ವಚ್ಛತಾ ಆಯುಕ್ತನಾಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ಬೇಳೆಕಾಳಿಲ್ಲದೆ ಬರಿ ಧಾನ್ಯದ ಮೇಲೆ ದುಡಿಯುವ ದೇಹ ನಿಲ್ಲುವುದಿಲ್ಲ ಎಂಬುದು ಅವನ ವಾದ, ಸಾವುಗಳು ಅವನ ಮಾತನ್ನು ನಿಜ ಮಾಡಿದವು. ಈ ಹಳೆಯ ಸಂಗತಿಯನ್ನು ಎತ್ತಿದ್ದಕ್ಕೆ ಕಾರಣವಿದೆ. ಕಾಳು ಕೂಡಿಡಿ ಎಂದರೆ ಎಲ್ಲರೂ ಅಕ್ಕಿ ಚೀಲದ ಕಡೆ ನೋಡುತ್ತಾರೆ. ತೊಗರಿ, ಹೆಸರು, ಹುರುಳಿ, ಮಡಕಿ ಇಲ್ಲದ ದಾಸ್ತಾನು ಅರ್ಧ ದಾಸ್ತಾನು.

ಹಾಗಾದರೆ ಎಷ್ಟು ಇಡಬೇಕು? ಐದು ಜನರ ಮನೆ ಎಂದಿಟ್ಟುಕೊಳ್ಳೋಣ. ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯದಂತೆ ಮನೆಗೆ 2 ಕಿಲೋ, ಮೂರು ತಿಂಗಳಿಗೆ 180 ಕಿಲೋ. ಒಂದು ಕ್ವಿಂಟಲ್ ಹಿಂಗಾರಿ ಬಿಳಿಜೋಳ, 50 ಕಿಲೋ ಅಕ್ಕಿ, ಉಳಿದದ್ದು ನವಣೆ ಮತ್ತು ಗೋಧಿ. ಬೇಳೆಕಾಳು ಎಲ್ಲ ಸೇರಿ 25 ಕಿಲೋ, ಎಣ್ಣೆ 10 ಲೀಟರ್, ಬೆಲ್ಲ 5 ಕಿಲೋ, ಉಪ್ಪು 3 ಕಿಲೋ. ಇಷ್ಟಕ್ಕೆ ಒಂದು ಮೂಲೆ ಸಾಕು, ಕೋಣೆಯೇ ಬೇಕಿಲ್ಲ. ಅಕ್ಕಿಗೆ ಒಂದು ಗುಣವಿದೆ, ಗಿರಣಿ ಬೇಡ. ಕರೆಂಟು ಹೋಗಿ ಗಿರಣಿ ನಿಂತರೆ ಜೋಳವಿದ್ದೂ ರೊಟ್ಟಿಯಿಲ್ಲ. ಹಳೆಯ ಬೀಸುಕಲ್ಲು ಹಿತ್ತಲಲ್ಲಿ ಬಿದ್ದಿದ್ದರೆ ಒಳಗೆ ತನ್ನಿ, ನುಚ್ಚಾದರೂ ಆಗುತ್ತದೆ. ನವಣೆ, ಸಾವೆಯನ್ನು ಸಿಪ್ಪೆ ಸಮೇತ ಇಟ್ಟರೆ ವರ್ಷಗಳ ಕಾಲ ಕೆಡುವುದಿಲ್ಲ, ಆ ಸಿಪ್ಪೆಯೇ ಅದಕ್ಕೆ ಕವಚ. ಸಜ್ಜೆ ಕಾಳಾಗಿ ಇರಲಿ. ಬೀಸಿದ ಹಿಟ್ಟು ಬಹಳ ಬೇಗ ಕಹಿಯಾಗುತ್ತದೆ.

ಇಡುವ ಮೊದಲು ಒಣಗಿಸುವುದು ಅರ್ಧ ಕೆಲಸ. ಕಾಳಿನ ತೇವ ನೂರಕ್ಕೆ 12ಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ ವಿಜ್ಞಾನಿಗಳು. ಒಕ್ಕಲಗಿತ್ತಿ ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾಳೆ, ಕಟ್ಟನೆ ಮುರಿದರೆ ತುಂಬಬಹುದು, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೆರಡು ಬಿಸಿಲು ಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಔಡಲೆಣ್ಣೆ ಸವರುವುದು, ಇವು ಈಗಲೂ ನಡೆಯುವ, ಖರ್ಚಿಲ್ಲದ ಉಪಾಯಗಳು. ಒಂದು ವಿಷಯದಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ. ಗೋದಾಮಿನಲ್ಲಿ ಬಳಸುವ ಗುಳಿಗೆಗಳನ್ನು ಮಲಗುವ ಮನೆಯ ಕಾಳಿನ ಚೀಲಕ್ಕೆ ಹಾಕಬೇಡಿ. ಹಸಿಗಾಳಿ ತಾಗಿದರೆ ಅವುಗಳಿಂದ ಹೊರಡುವ ಫಾಸ್ಫೀನ್ ಅನಿಲ ಹುಳಗಳ ಜೊತೆ ಮನುಷ್ಯರನ್ನೂ ಕೊಲ್ಲುತ್ತದೆ. ಬೂಷ್ಟು ಹಿಡಿದ ಶೇಂಗಾವನ್ನೂ ಉಜ್ಜಿ ತಿನ್ನಬೇಡಿ, ಅದರ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಮುಖ್ಯವಾದದ್ದು, ಇಟ್ಟದ್ದನ್ನು ತಿನ್ನುತ್ತಿರಬೇಕು. ಹಳೆಯದು ಮೊದಲು ಒಲೆಗೆ, ಹೊಸದು ಹಿಂದಿನ ಸಾಲಿಗೆ. ಮನೆಯವರು ತಿನ್ನದ ಪದಾರ್ಥವನ್ನು ಆಪತ್ತಿಗೆಂದು ಇಟ್ಟರೆ ಅದು ಹುಳದ ಪಾಲು.

ನಮ್ಮಲ್ಲಿ ಬೇಸಿಗೆ ಎಂದರೆ ಹೆಂಗಸರಿಗೆ ದುಡಿಮೆಯ ಕಾಲ. ಶಾವಿಗೆ ಹೊಸೆಯುವುದು, ಹಪ್ಪಳ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಹುಣಸೆಹಣ್ಣು ಬಡಿದು ಬೀಜ ತೆಗೆದು ಉಪ್ಪು ಹಾಕಿ ಗಡಿಗೆಗೆ ತುಂಬುವುದು, ವರ್ಷದ ಖಾರ ಕುಟ್ಟಿಸುವುದು, ಗುರೆಳ್ಳು, ಅಗಸೆ, ಶೇಂಗಾ ಚಟ್ನಿ. ಇದಕ್ಕೆ ಯಾರೂ ವಿಪತ್ತು ನಿರ್ವಹಣೆ ಎಂಬ ದೊಡ್ಡ ಹೆಸರು ಇಟ್ಟಿರಲಿಲ್ಲ. ಆದರೆ ಮಳೆಗಾಲದಲ್ಲಿ ಸಂತೆ ನೆರೆಯದಿದ್ದರೆ, ಹಳ್ಳ ಬಂದು ದಾರಿ ಕಡಿದರೆ, ಬಾಣಂತಿ ಮನೆಯಲ್ಲಿದ್ದರೆ, ಊಟ ನಿಲ್ಲುತ್ತಿರಲಿಲ್ಲ.

ಇವೆಲ್ಲಕ್ಕೂ ಹಿರಿಯಕ್ಕ ಕಟಕ ರೊಟ್ಟಿ. ತೆಳ್ಳಗೆ ಬಡಿದು, ಹಂಚಿನಿಂದ ತೆಗೆದು, ಒಲೆಯ ಬಾಯಿಗೆ ಆನಿಸಿ ಇಟ್ಟು ಹಸಿಯೆಲ್ಲ ಹೋಗುವಂತೆ ಒಣಗಿಸಿದರೆ ತಿಂಗಳುಗಟ್ಟಲೆ ಇರುತ್ತದೆ. ಬೆಂಕಿ ಬೇಡ, ನೀರು ಬೇಡ, ಚಟ್ನಿಪುಡಿಯೊಂದಿದ್ದರೆ ಊಟ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ರೊಟ್ಟಿ, ಮಾದಲಿ ತುಂಬಿದ ಬಂಡಿಗಳು, ಟ್ರ್ಯಾಕ್ಟರುಗಳು ಬರುವುದನ್ನು ನೀವು ಪ್ರತಿವರ್ಷ ನೋಡುತ್ತೀರಿ. ಒಂದು ಓಣಿಯ ಹೆಂಗಸರೆಲ್ಲ ಒಂದೆಡೆ ಕೂತು ರೊಟ್ಟಿ ಬಡಿಯುತ್ತಾರೆ, ಮನೆಗೆ ಇಷ್ಟೆಂದು ಹಿಟ್ಟು ಹಾಕುತ್ತಾರೆ, ಎಣಿಸಿ ಬಟ್ಟೆಯಲ್ಲಿ ಕಟ್ಟುತ್ತಾರೆ. ಲಕ್ಷಗಟ್ಟಲೆ ಜನರ ದಾಸೋಹ ನಡೆಯುವುದು ಹೀಗೆ. ಭಕ್ತಿಯ ಕೆಲಸವಾದ್ದರಿಂದ ಅದನ್ನು ಬೇರೆ ಕಣ್ಣಿನಿಂದ ನಾವು ನೋಡುವುದಿಲ್ಲ. ಆದರೆ ಆಪತ್ತಿನಲ್ಲಿ ಒಂದು ಜಿಲ್ಲೆಗೆ ಅನ್ನ ಒದಗಿಸಬಲ್ಲ ಶಕ್ತಿ, ಹಂಚಿಕೆ, ಲೆಕ್ಕ, ಶಿಸ್ತು ಎಲ್ಲವೂ ಅದರಲ್ಲಿ ಅಡಗಿವೆ. 2009ರಲ್ಲಿ, 2019ರಲ್ಲಿ ನೆರೆ ಬಂದಾಗ ಉತ್ತರ ಕರ್ನಾಟಕದ ಊರುಗಳಿಂದ ಮುಳುಗಿದ ಊರುಗಳಿಗೆ ಮೊದಲು ಹೋದದ್ದರಲ್ಲಿ ರೊಟ್ಟಿ ಗಂಟುಗಳು ಇದ್ದವು. 2021ರಲ್ಲಿ ಈ ಜಾತ್ರೆ ನಡೆಸುವ ಗವಿಮಠ ಕೋವಿಡ್ ರೋಗಿಗಳಿಗೆ ಆಸ್ಪತ್ರೆಯ ಏರ್ಪಾಟು ಮಾಡಿತು. ಕೂಡಿಡುವ ಬುದ್ಧಿ ಹಂಚುವ ಬುದ್ಧಿಗೆ ವೈರಿ ಅಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಎಲ್ಲರೂ ಕೂಡಿಟ್ಟರೆ ಬೆಲೆ ಏರುವುದಿಲ್ಲವೇ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಎಂದ ರಾತ್ರಿ ಕಿರಾಣಿ ಅಂಗಡಿಗಳಿಗೆ ಜನ ಮುಗಿಬಿದ್ದದ್ದು ಕೂಡಿಡುವುದಲ್ಲ, ಗಾಬರಿ. ಕೊರತೆ ಬಂದ ದಿನ ಕೊಳ್ಳುವವನು ಬಡವನ ಪಾಲು ಕಸಿಯುತ್ತಾನೆ. ರಾಶಿಯ ಕಾಲದಲ್ಲಿ, ಧಾರಣೆ ಬಿದ್ದಾಗ, ರೈತನಿಂದಲೇ ಕೊಳ್ಳುವವನು ರೈತನಿಗೂ ಆಸರೆ, ಕೊರತೆಯ ದಿನ ಸಾಲಿನಲ್ಲಿ ನಿಲ್ಲದೆ ಇತರರಿಗೂ ಜಾಗ ಬಿಡುತ್ತಾನೆ. ವ್ಯಾಪಾರಿಯ ದಾಸ್ತಾನು ಬೆಲೆ ಏರಲೆಂದು ಕಾಯುತ್ತದೆ, ಮನೆಯ ದಾಸ್ತಾನು ಆ ಏರಿಕೆಯನ್ನು ತಡೆಯುತ್ತದೆ.

ಶ್ರೀಮಂತ ದೇಶಗಳೂ ಈಗ ಇದೇ ಮಾತು ಆಡುತ್ತಿವೆ. ಸ್ವೀಡನ್ ಸರ್ಕಾರ 2018ರಲ್ಲಿ, ಮತ್ತೆ 2024ರಲ್ಲಿ, ಯುದ್ಧವೋ ವಿಪತ್ತೋ ಬಂದರೆ ಏನು ಮಾಡಬೇಕೆಂಬ ಪುಸ್ತಿಕೆಯನ್ನು ಮನೆಮನೆಗೆ ಅಂಚೆಯಲ್ಲಿ ಕಳಿಸಿತು. ಯುರೋಪಿನ ಒಕ್ಕೂಟ 2025ರ ಮಾರ್ಚಿನಲ್ಲಿ ತನ್ನ ಪ್ರಜೆಗಳಿಗೆ 72 ತಾಸಿಗೆ ಆಗುವಷ್ಟು ಆಹಾರ, ನೀರು ಇಟ್ಟುಕೊಳ್ಳಿ ಎಂದಿತು. ಮೂರು ದಿನದ ಲೆಕ್ಕ ಅವರಿಗೆ ಸರಿ, ಅವರ ಆಪತ್ತು ಸಿಡಿಲಿನಂತೆ ಬರುವಂಥದ್ದು. ನಮ್ಮ ಆಪತ್ತುಗಳಲ್ಲಿ ದೊಡ್ಡದು ಬರ. ಅದು ಮೆಲ್ಲಗೆ ಬರುತ್ತದೆ, ತಿಂಗಳುಗಟ್ಟಲೆ ಕೂರುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹಾಗಾಗಿ ನಮಗೆ ಮೂರು ದಿನದ ಗಂಟೂ ಬೇಕು, ಮೂರು ತಿಂಗಳ ಕಾಳೂ ಬೇಕು, ಮುಂದಿನ ಮಳೆಗೆ ಬೀಜವೂ ಬೇಕು.

ಮೂರು ದಿನದ ಗಂಟು ಹೊಳೆದಂಡೆಯ ನಿಮ್ಮಂಥ ಊರುಗಳಿಗೆ ಹೆಚ್ಚು ಮುಖ್ಯ. ರಾತ್ರೋರಾತ್ರಿ ಎದ್ದು ಹೋಗಿ ಎಂದರೆ ಕೈಗೆ ಸಿಗುವಂತಿರಬೇಕು: ರೊಟ್ಟಿ, ಚಟ್ನಿ, ಬೆಲ್ಲ, ಪುಠಾಣಿ, ಅವಲಕ್ಕಿ, ಕೂಸಿನ ಹಾಲಿನಪುಡಿ, ದಿನವೂ ನುಂಗುವ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳು, ಬ್ಯಾಟರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪಹಣಿ, ಆಧಾರ್, ಪಡಿತರ ಚೀಟಿ.

ನೀರಿನ ಮಾತು ಬೇರೆಯೇ ಆಡಬೇಕು. ಕುಡಿಯಲು, ಅಡಿಗೆಗೆ ತಲೆಗೆ ದಿನಕ್ಕೆ 5 ಲೀಟರ್ ಎಂದರೆ ಐದು ಜನಕ್ಕೆ ಮೂರು ದಿನಕ್ಕೆ 75 ಲೀಟರ್, ಸುಮಾರು ಐದು ಕೊಡ. ನಳ ನಿಂತರೆ ಬೋರು ಇದೆ ಎನ್ನುವವರಿಗೆ ನೆನಪು ಮಾಡುತ್ತೇನೆ, ನಮ್ಮ ಜಿಲ್ಲೆಯ, ಅದರಲ್ಲೂ ಕುಷ್ಟಗಿ ಯಲಬುರ್ಗಾ ಕಡೆಯ ಬಹಳಷ್ಟು ಬೋರುಗಳಲ್ಲಿ ಫ್ಲೋರೈಡು ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು ಬಿಗಿಯುತ್ತವೆ. ಮಾಳಿಗೆಯ ಮಳೆನೀರನ್ನು ಸೋಸಿ ತೊಟ್ಟಿಗೆ ಇಳಿಸಿಕೊಂಡ ಮನೆಗೆ ಈ ಭಯವಿಲ್ಲ.

ಕೊನೆಯದಾಗಿ, ನನ್ನನ್ನು ಬಹಳ ಕಾಡುವ ವಿಷಯ. ಕೂಡಿಡಿ ಎಂದು ಹೇಳುವುದು ಹೊಲವಿದ್ದವನಿಗೆ, ಸಂಬಳವಿದ್ದವನಿಗೆ ಸುಲಭ. ವಾರದ ಕೂಲಿಯಲ್ಲಿ ವಾರದ ಸಂತೆ ಮಾಡುವ ತಾಯಿಗೆ ಒಂದು ಕ್ವಿಂಟಲ್ ಜೋಳ ಒಮ್ಮೆಗೆ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಹಿಂದೆ ಕೂಲಿ ಕಾಳಿನಲ್ಲೇ ಸಿಗುತ್ತಿತ್ತು, ಸುಗ್ಗಿಯಲ್ಲಿ ಅವಳ ಕಾಳಿನ ಗುಮ್ಮಿಯಲ್ಲೂ ಒಂದಿಷ್ಟು ಇರುತ್ತಿತ್ತು. ಈಗ ದುಡ್ಡಿನ ಕೂಲಿ, ದುಡ್ಡು ನಿಲ್ಲುವುದಿಲ್ಲ. ಪಡಿತರ ಅಂಗಡಿಯ ಅಕ್ಕಿ ಅವಳ ಜೀವ ಹಿಡಿದಿದೆ, ಅದು ದೊಡ್ಡ ಆಸರೆ. ಆದರೆ ತೊಗರಿ, ಹೆಸರು ಜೊತೆಗಿಲ್ಲದೆ ಬರಿ ಅಕ್ಕಿ ಸಾಲದು.

ಬೀದರ್ ಗಡಿಗೆ ತಾಗಿದ ಜಹೀರಾಬಾದ್ ಸೀಮೆಯಲ್ಲಿ ಇದಕ್ಕೊಂದು ದಾರಿ ಮಾಡಿ ತೋರಿಸಿದವರಿದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಮತ್ತು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು 1990ರ ದಶಕದಲ್ಲಿ ಬೀಳುಬಿದ್ದ ನೆಲ ಹಸನು ಮಾಡಿ, ಜೋಳ ಬೆಳೆದು, ಊರಲ್ಲೇ ಕಾಳಿನ ನಿಧಿ ಕಟ್ಟಿದರು. ಯಾರ ಮನೆಗೆ ಎಷ್ಟು ಕೊಡಬೇಕು ಎಂಬುದನ್ನು ಊರ ಹೆಂಗಸರೇ ಕೂತು ತೀರ್ಮಾನಿಸಿದರು. 2023ರಲ್ಲಿ ಸತೀಶ್ ತೀರಿಕೊಂಡರು, ಅವರು ಬಿಟ್ಟುಹೋದ ಮಾದರಿ ನಮ್ಮ ಮುಂದಿದೆ.

ನಮ್ಮಲ್ಲಿ ಪ್ರತಿ ಊರಿಗೂ ಸ್ವಸಹಾಯ ಸಂಘಗಳಿವೆ. ಸಾಲ ಕೊಡುವ, ಕಟ್ಟುವ ಲೆಕ್ಕ ಆ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಹಿಂಗಾರಿ ಜೋಳ ರಾಶಿಯಾಗಿ ಧಾರಣೆ ಇಳಿದಾಗ ಸಂಘದ ಉಳಿತಾಯದಿಂದ ಒಟ್ಟಿಗೆ ಖರೀದಿ ಮಾಡಬಹುದು. ಪ್ರತಿ ಸದಸ್ಯೆಯ ಹೆಸರಿನಲ್ಲಿ ಒಂದು ಚೀಲ ಜೋಳ, ಐದು ಕಿಲೋ ತೊಗರಿ. ಅವಳು ವಾರಕ್ಕಿಷ್ಟು ಎಂದು ಕಟ್ಟಿ ತೀರಿಸಲಿ. ಮನೆಯಲ್ಲಿ ಇಡಲು ಜಾಗವಿಲ್ಲದವರ ಚೀಲ ಸಮುದಾಯ ಭವನದ ಒಂದು ಒಣ ಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇರಲಿ. ಕೀಲಿ ಇಬ್ಬರ ಕೈಯಲ್ಲಿರಲಿ, ಒಬ್ಬರಲ್ಲೇ ಬೇಡ. ಪಂಚಾಯಿತಿಯನ್ನು ಕೇಳಬೇಕಾದದ್ದು ಆ ಒಂದು ಕೋಣೆ ಮಾತ್ರ. ಮುಂದಿನ ಮಾರ್ಚಿನೊಳಗೆ ಮುನಿರಾಬಾದಿನ ಯಾವುದಾದರೂ ಒಂದು ಸಂಘ ಇದನ್ನು ಶುರು ಮಾಡುವುದಾದರೆ, ಯಾವ ಊರಿನ ಜೋಳ ತರಬೇಕು, ತೇವ ಹೇಗೆ ನೋಡಬೇಕು, ವಹಿ ಹೇಗೆ ಬರೆಯಬೇಕು ಎಂಬುದಕ್ಕೆ ನಾನು ಬಂದು ನಿಮ್ಮ ಜೊತೆ ಕೂಡುತ್ತೇನೆ.